ಸಾಗರದ ಶಾಸಕರಿಗೆ, ಸೇತುವೆ ಆಚೆಯಿಂದ ಒಂದು ಪತ್ರ

ಮಾನ್ಯ ಶಾಸಕರೇ,

ಶರಾವತಿ ಹಿನ್ನೀರಿನ ಆಚೆ ದಡದ ಕರೂರು ಹೋಬಳಿಯಿಂದ ಬರೆಯುತ್ತಿದ್ದೇನೆ. ತುಮರಿ ನಮ್ಮ ಪೇಟೆ. ಉಳಿದಂತೆ ಇಲ್ಲೆಲ್ಲ ಗುಡ್ಡಕ್ಕೆ ನಾಲ್ಕು, ಕಣಿವೆಗೆ ಮೂರು ಅಂತ ಚದುರಿದ ಮನೆಗಳು. ದೀವರು, ಹವ್ಯಕರು, ಜೈನರು, ಹಸಲರು, ಎಲ್ಲರೂ ಇದ್ದೇವೆ.

ಮೊದಲು ಸೇತುವೆಯ ಮಾತು. 2025ರ ಜುಲೈ 14ರಂದು ಅದು ಉದ್ಘಾಟನೆಯಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಸಂಜೆ ಕೊನೆಯ ಲಾಂಚ್ ತಪ್ಪಿಸಿಕೊಂಡು ಹೊಳೆಬಾಗಿಲಿನಲ್ಲಿ ಚೀಲ ಹಿಡಿದು ನಿಂತವರಿಗೆ ಗೊತ್ತು ಅದರ ಬೆಲೆ. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. ಈಗ ಆ ಗೋಳಿಲ್ಲ. ಸಂತೋಷ ಪಟ್ಟಿದ್ದೇವೆ, ಸುಳ್ಳು ಹೇಳುವುದಿಲ್ಲ.

ಸೇತುವೆ ಆದಮೇಲೆ ಒಂದು ದಿನ ಕಾರೊಂದು ನಮ್ಮ ದಣಪೆ ಹತ್ತಿರ ನಿಂತಿತು. ಇಳಿದವರು ತೋಟ ನೋಡಿದರು, ನೀರು ನೋಡಿದರು, ಫೋಟೋ ತೆಗೆದರು. ಆಮೇಲೆ ಕೇಳಿದರು: "ಜಾಗ ಚೆನ್ನಾಗಿದೆ. ಪಹಣಿ ಯಾರ ಹೆಸರಲ್ಲಿದೆ?"

ಸುಮ್ನೆ ನಕ್ಕೆ. ಇನ್ನೇನು ಹೇಳಲಿ?

ನಮ್ಮ ಅಜ್ಜನಿಗೆ ಪಹಣಿ ಇತ್ತು. ಗದ್ದೆ ಈಗ ನೀರಿನಡಿ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿ ಮೇಲೇರಿತು, ನಾಡಿಗೆ ಕರೆಂಟು ಬಂತು. ಅಜ್ಜ ಹೆಬ್ಬಾಗಿಲ ದಾರಂದದ ಚೌಕಟ್ಟು ಕಿತ್ತು ಗುಡ್ಡಕ್ಕೆ ಹೊರಿಸಿಕೊಂಡು ಬಂದ. ಅದು ಇವತ್ತಿಗೂ ನಮ್ಮ ಮನೆಗೇ ಇದೆ. ಹೊಸ ಬಾಗಿಲಿಗೆ ಎತ್ತರ ಜಾಸ್ತಿ ಆಗುತ್ತದೆ ಅಂತ ಕೆಳಗೆ ಒಂದು ಗೇಣು ಕೊಯ್ದಿದ್ದಾರೆ. ಕೆತ್ತಿದ ಹೂವಿನ ಬಳ್ಳಿ ಅಲ್ಲಿಗೇ ತುಂಡಾಗಿದೆ. ಮಳೆ ಕೈಕೊಟ್ಟ ವರ್ಷ ಮಡೆನೂರಿನ ಹಳೇ ಅಣೆಕಟ್ಟು ನೀರಿನಿಂದ ಮೇಲೇಳುತ್ತದಲ್ವಾ, ಅದನ್ನು ನೋಡಲು ಜನ ಜಾತ್ರೆ ಹಾಗೆ ಬರುತ್ತಾರೆ. ನಾವು ನಮ್ಮ ಮನೆಯ ಅಡಿಪಾಯ ಹುಡುಕಲು ಹೋಗುತ್ತೇವೆ.

ಮೂರು ತಲೆಮಾರು ಉತ್ತ ಈ ಗುಡ್ಡದ ಜಾಗ ಕಾಗದದಲ್ಲಿ ಇನ್ನೂ ಕಾಡು. ಪಹಣಿ ಇಲ್ಲದ್ದಕ್ಕೆ ಬೆಳೆ ವಿಮೆ ಇಲ್ಲ. ಎಲೆಚುಕ್ಕಿ ರೋಗಕ್ಕೆ ಅಡಿಕೆ ಮರಗಳು ಸೊರಗಿದಾಗ ಸಾಲಕ್ಕೆ ಹೋದೆ. ಅರ್ಜಿ ತಿರುಗಿಸಿಯೂ ನೋಡದೆ ವಾಪಸ್ ಕೊಟ್ಟರು. ಮುಳುಗಡೆ ಸಂತ್ರಸ್ತರ ಜಾಗವನ್ನು ಕಾಡಿನ ಪಟ್ಟಿಯಿಂದ ತೆಗೆದ ಸರ್ಕಾರಿ ಆದೇಶಗಳು ಕೇಂದ್ರದ ಒಪ್ಪಿಗೆ ಇರಲಿಲ್ಲ ಅಂತ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು. 1980ರ ಅರಣ್ಯ ಕಾಯ್ದೆ ಇರುವುದು ಆದೇಶ ಬರೆದವರಿಗೆ ಗೊತ್ತಿರಲಿಲ್ವಾ? ಅವರ ತಪ್ಪಿಗೆ ದಂಡ ಕಟ್ಟುತ್ತಿರುವವರು ನಾವು.

ಕಾಡು ಕಡಿಯಲು ಬಿಡಿ ಅಂತ ನಾನು ಕೇಳುತ್ತಿಲ್ಲ. ಸಿಂಗಳೀಕಗಳು ನಮಗಿಂತ ಹಳೇ ನಿವಾಸಿಗಳು, ಇರಲಿ. ಕೇಳುತ್ತಿರುವುದು ಇಷ್ಟೇ: ಕಂದಾಯದವರು, ಅರಣ್ಯದವರು ಒಟ್ಟಿಗೆ ಬಂದು ಮನೆ ಮನೆ ಸರ್ವೆ ಮಾಡಲಿ. ಮುಳುಗಡೆ ದಾಖಲೆಯ ಜೊತೆ ಹೆಸರು ತಾಳೆ ನೋಡಲಿ. ಆ ಪಟ್ಟಿ ಕೇಂದ್ರಕ್ಕೆ ಕ್ರಮವಾಗಿ ಹೋಗಲಿ. ಹೋಗಿದ್ದರೆ ಅದರ ನಕಲು ತುಮರಿ ಪಂಚಾಯಿತಿ ಗೋಡೆಗೆ ಅಂಟಿಸಲಿ.

ಮುಂದಿನ ಸಲ ದೇವಿ ದರ್ಶನಕ್ಕೆ ಸಿಗಂದೂರಿಗೆ ಬಂದಾಗ ಅರ್ಧ ದಿನ ಜಾಸ್ತಿ ಇಟ್ಟುಕೊಂಡು ಬನ್ನಿ. ಅಜ್ಜನ ಟ್ರಂಕಿನಲ್ಲಿ ಮುಳುಗಡೆ ನೋಟೀಸು ಇನ್ನೂ ಇದೆ. ಮಡಿಕೆಯಲ್ಲಿ ಹರಿಯುತ್ತಿದೆ, ಓದಲು ಬರುತ್ತದೆ.

ಇಂತಿ,
ಕರೂರು ಹೋಬಳಿಯ ಒಬ್ಬ ಮತದಾರ