ಕೆಡವುವ ಮುನ್ನ ಅಳತೆಗೂ ಫೋಟೊಕ್ಕೂ ಅವಕಾಶವಿರಲಿ

ಮಾನ್ಯ ಸಂಪಾದಕರೇ,

ಅಮೃತ ಭಾರತ ನಿಲ್ದಾಣ ಯೋಜನೆಯಡಿ 2023ರ ಆಗಸ್ಟ್‌ನಲ್ಲಿ ದೇಶದ 508 ರೈಲು ನಿಲ್ದಾಣಗಳ ಪುನರಭಿವೃದ್ಧಿಗೆ ಒಮ್ಮೆಲೇ ಶಂಕುಸ್ಥಾಪನೆ ನಡೆಯಿತು. ಅವುಗಳಲ್ಲಿ ನಮ್ಮ ರಾಜ್ಯದ ನಿಲ್ದಾಣಗಳೂ ಸೇರಿದ್ದವು. ಲಿಫ್ಟ್, ಅಗಲವಾದ ಮೇಲ್ಸೇತುವೆ, ಶುಚಿಯಾದ ಶೌಚಾಲಯ ಯಾರಿಗೆ ಬೇಡ? ನನ್ನ ವಿನಂತಿ ಆ ಕೆಲಸಕ್ಕೆ ಅಡ್ಡಬರುವಂಥದ್ದಲ್ಲ. ಹಳೆಯ ಕಟ್ಟಡ, ಗೂಡ್ಸ್ ಷೆಡ್, ಸಿಗ್ನಲ್ ಕ್ಯಾಬಿನ್, ನೀರಿನ ಟ್ಯಾಂಕುಗಳನ್ನು ತೆರವುಗೊಳಿಸುವ ಮುನ್ನ, ಮಾದರಿ ರೈಲು, ಅಂದರೆ ನಿಜವಾದ ರೈಲು, ನಿಲ್ದಾಣಗಳ ಪುಟ್ಟ ಪ್ರತಿರೂಪ ಕಟ್ಟುವ ಹವ್ಯಾಸಿಗಳು ಸಿಬ್ಬಂದಿಯ ಕಣ್ಣೆದುರಿನಲ್ಲೇ ಅವುಗಳ ಫೋಟೊ ತೆಗೆದು ಅಳತೆ ಮಾಡಿಕೊಳ್ಳಲು ನೈಋತ್ಯ ರೈಲ್ವೆಯು ಸ್ಪಷ್ಟವಾದ ಒಂದು ವ್ಯವಸ್ಥೆ ಮಾಡಬೇಕು ಎಂಬುದಷ್ಟೇ ನನ್ನ ಕೋರಿಕೆ.

ಮಾದರಿ ರೈಲು ಎಂದೊಡನೆ ಮಕ್ಕಳಾಟಿಕೆ ಎಂದು ನಗುವವರು ಇನ್ನೂ ಇದ್ದಾರೆ. ಆದರೆ ಇಲ್ಲಿ ಲೆಕ್ಕಾಚಾರವೇ ಹೆಚ್ಚು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್ಒ ಪ್ರಮಾಣದಲ್ಲಿ ಎಲ್ಲವೂ ನೈಜ ಗಾತ್ರದ 87ರಲ್ಲಿ ಒಂದು ಪಾಲು. ಅದರ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದು ಯುರೋಪ್ ಹಾಗೂ ಅಮೆರಿಕದ ಸ್ಟ್ಯಾಂಡರ್ಡ್ ಗೇಜಿಗೆ, ಅಂದರೆ ಅಲ್ಲಿನ ನಿಜವಾದ ಹಳಿಗಳ ಅಂತರಕ್ಕೆ, ಹೊಂದುವ ಲೆಕ್ಕ. ನಮ್ಮ ಬ್ರಾಡ್‌ಗೇಜ್‌ನ ಅಗಲ 1676 ಮಿ.ಮೀ. ಇರುವುದರಿಂದ, ಅದೇ ಪ್ರಮಾಣದಲ್ಲಿ ಹಳಿಗಳ ಅಂತರ 19 ಮಿ.ಮೀ.ಗೂ ತುಸು ಹೆಚ್ಚಿರಬೇಕಾಗುತ್ತದೆ. ಹೀಗಾಗಿ ಅಂಗಡಿಯಲ್ಲಿ ಸಿಗುವ ಹಳಿಯ ಮೇಲೆ ನಮ್ಮ ಬೋಗಿಯನ್ನು ನಿಲ್ಲಿಸಿ ಎದುರಿನಿಂದ ನೋಡಿದರೆ, ದಢೂತಿ ಮೈಗೆ ಸಣಕಲು ಕಾಲು ಜೋಡಿಸಿದಂತೆ ಕಾಣುತ್ತದೆ. ವಿಚಿತ್ರವೆಂದರೆ, ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರದ ಮೂಲಕ ಯಲಹಂಕಕ್ಕೆ ಬರುತ್ತಿದ್ದ, ಈಗಿಲ್ಲದ ನ್ಯಾರೋಗೇಜ್ ಮಾರ್ಗಕ್ಕೆ ಈ ತೊಂದರೆಯಿಲ್ಲ: 762 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ ಬರುವ ಉತ್ತರ, ಎನ್ ಗೇಜ್ ಎಂದು ಸುಲಭವಾಗಿ ಸಿಗುವ 9 ಮಿ.ಮೀ. ಹಳಿಗೆ ಬಹುಮಟ್ಟಿಗೆ ಹೊಂದುತ್ತದೆ.

ಹಳಿ ಸಿಕ್ಕರೂ ನಿಲ್ದಾಣ ಎಲ್ಲಿಂದ ತರುವುದು? ಜರ್ಮನಿಯ ಹಳ್ಳಿಯೊಂದರ ನಿಲ್ದಾಣ ರಟ್ಟಿನ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಸಿಗುತ್ತದೆ. ಚಿಕ್ಕಬಳ್ಳಾಪುರ ಮಾರ್ಗದ ನಮ್ಮ ನಂದಿ ಹಾಲ್ಟ್ ನಿಲ್ದಾಣ ಸಿಗುವುದಿಲ್ಲ. ನಾವೇ ಕಟ್ಟಿಕೊಳ್ಳಬೇಕು, ಅದಕ್ಕೆ ಫೋಟೊವೇ ಆಧಾರ. ಆ ಫೋಟೊ ರೀಲ್ಸ್‌ಗಾಗಿ ತೆಗೆಯುವ ತರಹದ್ದಲ್ಲ. ಮೋಡ ಕವಿದ ಹೊತ್ತಿನಲ್ಲಿ, ಸೂರಿನ ನೆರಳು ಗೋಡೆಯ ಮೇಲೆ ಬೀಳದಂತೆ, ದೂರದಿಂದ ಕಟ್ಟಡಕ್ಕೆ ನೇರವಾಗಿ ನಿಂತು ತೆಗೆಯಬೇಕು; ಗೋಡೆಗೊರಗಿಸಿ ಕೆಂಪು ಬಿಳುಪು ಪಟ್ಟಿಯ ಒಂದು ಅಳತೆಕೋಲು ಇಟ್ಟಿರಬೇಕು. ಮೇಲೇರಲಾಗದ ಮಾಡಿನ ಉದ್ದವನ್ನು ಮಂಗಳೂರು ಹೆಂಚುಗಳನ್ನು ಎಣಿಸಿಯೇ ಕಂಡುಕೊಳ್ಳುತ್ತೇವೆ. ಹಳದಿ ನಾಮಫಲಕದ ಮೂಲೆಯಲ್ಲಿ ಬರೆದಿರುವ, ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬ ಅಂಕಿಯೂ ಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ, 57 ಸುರಂಗಗಳಿರುವ ಘಟ್ಟದ ಮಾರ್ಗವನ್ನು ಮೇಜಿನ ಮೇಲೆ ಕಟ್ಟಹೊರಟವರಿಗೆ ಐವತ್ತಕ್ಕೆ ಒಂದರ ಆ ಇಳಿಜಾರು ಎಂದರೆ ಮೀಟರಿಗೆ ಎರಡು ಸೆಂ.ಮೀ. ಒಂದು ಹಳಿಯನ್ನು ಇನ್ನೊಂದರ ಮೇಲೆ ದಾಟಿಸುವಷ್ಟು ಎತ್ತರಕ್ಕೆ ಏರಿಸುವುದಕ್ಕೇ ನಾಲ್ಕು ಮೀಟರ್ ಜಾಗ ಹೋಗುತ್ತದೆ. ಮನೆಯವರು ಸುಮ್ಮನಿರುವುದೇ ದೊಡ್ಡದು.

ಆದರೆ ಅಳತೆಕೋಲು, ಟ್ರೈಪಾಡ್ ಹಿಡಿದು ಪ್ಲಾಟ್‌ಫಾರ್ಮ್‌ಗೆ ಹೋದರೆ ಸಿಗುವ ಉತ್ತರ ನಿಲ್ದಾಣಕ್ಕೊಂದು ಬಗೆ. ಒಂದು ಕಡೆ ಚಹಾ ಕೊಟ್ಟು ಒಂದೇ ಹಳಿಯಲ್ಲಿ ಎರಡು ರೈಲು ಎದುರಾಗದಂತೆ ಕಾಯುತ್ತಿದ್ದ ಹಳೆಯ ಟೋಕನ್ ಯಂತ್ರ ಎಲ್ಲಿತ್ತೆಂದು ತೋರಿಸುತ್ತಾರೆ. ಇನ್ನೊಂದು ಕಡೆ ಕ್ಯಾಮೆರಾದಲ್ಲಿರುವುದನ್ನೆಲ್ಲ ಅಳಿಸುವಂತೆ ಹೇಳಿ ಹೊರಗೆ ಕಳುಹಿಸುತ್ತಾರೆ. ಸಿಬ್ಬಂದಿಯನ್ನು ದೂರಿ ಫಲವಿಲ್ಲ. ಓಡುವ ರೈಲಿನ ಮುಂದೆ ಸೆಲ್ಫಿ ತೆಗೆಯಲು ಹೋಗಿ ಪ್ರಾಣ ಕಳೆದುಕೊಂಡವರ ಸುದ್ದಿ ಓದುತ್ತಿರುವ ಯಾವ ಸ್ಟೇಷನ್ ಮಾಸ್ತರರೂ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಲು ಒಪ್ಪಲಾರರು. ಅಪ್ಪಣೆಯಿಲ್ಲದೆ ಹಳಿಗಿಳಿಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಪರಾಧ, ಅದು ಹಾಗೆಯೇ ಇರಬೇಕು. ಅದೇ ಘಟ್ಟದ ಮಾರ್ಗದ ಎಡಕುಮೇರಿಯ ಸೇತುವೆಗಳ ಮೇಲೆ ಕದ್ದು ನಡೆದು ಚಿತ್ರ ತಂದವರನ್ನು ನಮ್ಮ ಹವ್ಯಾಸಿಗಳಲ್ಲೇ ಕೆಲವರು ಹೊಗಳುವುದನ್ನು ನಾನಂತೂ ಒಪ್ಪುವುದಿಲ್ಲ. ಅನುಮತಿಯ ದಾರಿಯೊಂದು ತೆರೆದಿದ್ದರೆ ಕಳ್ಳದಾರಿ ಹಿಡಿಯುವವರಿಗೆ ನೆಪವೂ ಉಳಿಯುವುದಿಲ್ಲ.

ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ದೇವನಹಳ್ಳಿ, ನಂದಿ ಹಾಲ್ಟ್‌ಗಳಂಥ ಹಳೆಯ ನಿಲ್ದಾಣಗಳನ್ನು ದುರಸ್ತಿ ಮಾಡಿ ಉಳಿಸಿರುವುದು ಸಂತೋಷದ ಸಂಗತಿ. ಎಲ್ಲ ಕಟ್ಟಡಗಳಿಗೂ ಆ ಭಾಗ್ಯ ಬರುವುದಿಲ್ಲ. ಬಾರದವುಗಳ ಮಟ್ಟಿಗೆ, ಕೆಡವುವ ದಿನಾಂಕವನ್ನು ಒಂದು ತಿಂಗಳು ಮೊದಲೇ ಪ್ರಕಟಿಸಿ, ಅರ್ಜಿ ಹಾಕಿದವರಿಗೆ ಗುರುತಿನ ಚೀಟಿ ನೋಡಿ ಒಂದು ದಿನದ ಪರವಾನಗಿ ಕೊಡಬಹುದು; ಶುಲ್ಕ ವಿಧಿಸಿದರೂ ಸರಿ. ವಿಭಾಗೀಯ ಕಚೇರಿಗಳ ಕಪಾಟಿನಲ್ಲಿರುವ ಹಳೆಯ ನಕ್ಷೆಗಳ ಪ್ರತಿಗಳನ್ನು 1979ರಿಂದ ನಡೆಯುತ್ತಿರುವ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಇಟ್ಟರೆ ಇನ್ನೂ ಉತ್ತಮ. ಪ್ರತಿಯಾಗಿ, ಹವ್ಯಾಸಿಗಳು ತೆಗೆದ ಫೋಟೊ ಮತ್ತು ಅಳತೆಗಳ ಒಂದು ಪ್ರತಿಯನ್ನು ಅದೇ ಸಂಗ್ರಹಾಲಯಕ್ಕೆ ಒಪ್ಪಿಸಬೇಕೆಂಬ ಷರತ್ತನ್ನು ಪರವಾನಗಿಯಲ್ಲೇ ಸೇರಿಸಲಿ.

ಇಂತಿ,
ಮಾದರಿ ರೈಲು ಹವ್ಯಾಸಿ, ಮೈಸೂರು