ಡಯಾಲಿಸಿಸ್ ರೋಗಿಗಳನ್ನು ಕ್ರೈಸ್ತ ಸಭೆಗಳು ಮನೆ ಮುಟ್ಟಿಸಲಿ

ಮಾನ್ಯ ಸಂಪಾದಕರೇ,

ಕೋಲಾರ ಜಿಲ್ಲೆಯ ಕ್ರೈಸ್ತ ಸಭೆಗಳಲ್ಲಿ ಸುಗ್ಗಿ ಹಬ್ಬದ ಆರಾಧನೆ ಬಂತೆಂದರೆ ರಾಗಿ ಮೂಟೆ, ಕುಂಬಳಕಾಯಿ, ಟೊಮೆಟೊ, ನಾಟಿ ಕೋಳಿಗಳೆಲ್ಲ ಹರಾಜಿಗೆ ಬರುತ್ತವೆ. ಒಂದು ಕೋಳಿ ಪೇಟೆಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಹೋಗುವುದೂ ಉಂಟು. ಕೊಡುವ ಕೈ ನಮ್ಮಲ್ಲಿದೆ ಎಂಬುದಕ್ಕೆ ಅದೇ ಸಾಕ್ಷಿ. ಆ ಹಣದಲ್ಲಿ ಒಂದು ಪಾಲು ಡಯಾಲಿಸಿಸ್ (ಯಂತ್ರದಿಂದ ರಕ್ತಶುದ್ಧಿ) ಮಾಡಿಸಿಕೊಳ್ಳುವ ಬಡವರನ್ನು ಆಸ್ಪತ್ರೆಯಿಂದ ಮನೆ ಮುಟ್ಟಿಸುವ ಕೆಲಸಕ್ಕೆ ಸಲ್ಲಬೇಕೆಂಬುದು ನನ್ನ ವಿನಂತಿ.

ಮೂತ್ರಪಿಂಡ ಕೈಕೊಟ್ಟವರಿಗೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ ಡಯಾಲಿಸಿಸ್ ಆಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಅದು ಉಚಿತವಾಗಿ ಸಿಗುತ್ತಿರುವುದು ದೊಡ್ಡ ಉಪಕಾರ. ಆದರೆ ಅದು ಮುಗಿಯುವ ಹೊತ್ತಿಗೆ ಎಷ್ಟೋ ಜನರಿಗೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತಿರುತ್ತದೆ, ಕಾಲು ಸೆಳೆಯುತ್ತಿರುತ್ತದೆ. ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಪಟ್ಟಿ ಹಾಕಿರುವ ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ ನಿಜ, ಸೀಟು ಸಿಗುವ ಭರವಸೆಯಿಲ್ಲ. ಜೊತೆಗೆ ಬಂದವರ ಆ ದಿನದ ಕೂಲಿಯೂ ಹೋಗುತ್ತದೆ. ಈ ಕಷ್ಟಕ್ಕೆ ಹೆದರಿ ಡಯಾಲಿಸಿಸನ್ನೇ ತಪ್ಪಿಸಿದರೆ ಮೈಯಲ್ಲಿ ನೀರು ತುಂಬಿಕೊಂಡು ಉಸಿರಾಡುವುದೇ ಕಷ್ಟವಾಗುತ್ತದೆ.

ಬೈಬಲ್ಲಿನ ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ ಕತೆಯ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದ ಅಪರಿಚಿತನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ್ದಷ್ಟೇ ಅಲ್ಲ, ಗಾಯಾಳುವನ್ನು ತನ್ನ ಸವಾರಿಯ ಪಶುವಿನ ಮೇಲೆ ಹತ್ತಿಸಿ ಛತ್ರಕ್ಕೆ ಕರೆದೊಯ್ದ, ಖರ್ಚಿಗೆ ಎರಡು ನಾಣ್ಯ ಕೊಟ್ಟ, ಹೆಚ್ಚು ತಗುಲಿದರೆ ಮರಳಿ ಬರುವಾಗ ತೀರಿಸುತ್ತೇನೆಂದ. ಬಟ್ಟೆಯಿಲ್ಲದೆ ಹಸಿದು ನಿಂತವರನ್ನು ಬರೀ ಒಳ್ಳೆಯ ಮಾತಾಡಿ ಕಳುಹಿಸುವ ನಂಬಿಕೆ ಸತ್ತದ್ದೆಂದು ಯಾಕೋಬನೂ ಬೈಬಲ್ಲಿನಲ್ಲಿರುವ ತನ್ನ ಪತ್ರದಲ್ಲಿ ಬರೆದಿದ್ದಾನೆ. ನಮ್ಮೂರಿನ ಹಿಂದಿನವರಿಗೆ ಇದು ತಿಳಿದಿತ್ತು: ಮೆಥೋಡಿಸ್ಟ್ ಮಿಷನ್ನಿನವರು ಕೋಲಾರದಲ್ಲಿ ಪ್ರಾರ್ಥನಾ ಮಂದಿರದ ಜೊತೆಗೆ ಇಟಿಸಿಎಂ ಆಸ್ಪತ್ರೆಯನ್ನೂ ಕಟ್ಟಿದರು. ಆಸ್ಪತ್ರೆ ಕಟ್ಟುವಷ್ಟು ಶಕ್ತಿ ಇಂದಿನ ಚಿಕ್ಕ ಸಭೆಗಳಿಗಿಲ್ಲ, ಆದರೆ ಕಾರು, ಆಟೋ ಇರುವ ಸದಸ್ಯರು ಎಲ್ಲ ಕಡೆ ಇದ್ದಾರೆ. ವಾರಕ್ಕೊಬ್ಬರಂತೆ ಸರದಿ ಹಾಕಿಕೊಂಡು, ಡೀಸೆಲ್ ಖರ್ಚನ್ನು ಸಭೆಯ ನಿಧಿಯಿಂದ ಕೊಟ್ಟರೆ ಸಾಕು. ಒಂದು ಮಾತನ್ನು ಒತ್ತಿ ಹೇಳಬೇಕು: ರೋಗಿಯ ಜಾತಿ, ಧರ್ಮ ಕೇಳಬಾರದು, ದಾರಿಯಲ್ಲಿ ಕರಪತ್ರ ಕೊಡಬಾರದು, ಫೋಟೊ ತೆಗೆಯಬಾರದು. ಪ್ರತಿಫಲದ ಕಣ್ಣಿಟ್ಟು ಮಾಡಿದ ಸೇವೆಯನ್ನು ಪ್ರೀತಿಯೆನ್ನಲು ನನಗೆ ಮನಸ್ಸಿಲ್ಲ.

ಕೋಲಾರ, ಮಾಲೂರು, ಬಂಗಾರಪೇಟೆ, ಮುಳಬಾಗಿಲಿನ ಸಭೆಗಳ ಹಿರಿಯರು ಇದನ್ನು ಚರ್ಚಿಸಬೇಕು. ರೋಗಿಗಳು ಒಪ್ಪಿದಲ್ಲಿ ಅವರ ಸರದಿಯ ವೇಳೆಯನ್ನು ಸಭೆಗಳಿಗೆ ತಿಳಿಸುವ ವ್ಯವಸ್ಥೆಯನ್ನು ಆಸ್ಪತ್ರೆಗಳ ಡಯಾಲಿಸಿಸ್ ವಿಭಾಗದವರು ಮಾಡಿಕೊಡಬೇಕೆಂದು ಕೋರುತ್ತೇನೆ.

– ಸಭೆಯೊಂದರ ಸದಸ್ಯ, ಕೋಲಾರ