ದೊಡ್ಡಮ್ಮನ ಹೆಬ್ಬೆಟ್ಟು, ಪೊವೆಲ್ ಸಾಹೇಬರ ಸೀಸೆ

ಸಂಪಾದಕರೇ,

ಕಳೆದ ವಾರ ನಮ್ಮ ದೊಡ್ಡಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಬರೆಯುವುದಿಲ್ಲ, ಅಲ್ಲಿ ಕೂತಿದ್ದ ಹುಡುಗನದೇನೂ ತಪ್ಪಿಲ್ಲ. ದೊಡ್ಡಮ್ಮನಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಬರುತ್ತಿತ್ತು ಅನ್ನಬೇಕು, ಮೂರು ತಿಂಗಳಿಂದ ನಿಂತಿದೆ. ಬದುಕಿದ್ದಾರೆ ಅಂತ ಖಾತ್ರಿ ಆಗಬೇಕಂತೆ, ಅದಕ್ಕೆ ಹೆಬ್ಬೆಟ್ಟು ಒತ್ತಬೇಕಂತೆ.

ಒತ್ತಿದರು. ಯಂತ್ರ ಒಪ್ಪಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಒತ್ತಿದರು, ಎಡಗೈ, ಬಲಗೈ, ತೋರುಬೆರಳು, ಕಿರುಬೆರಳು, ಎಲ್ಲ ಆಯಿತು.

ದೊಡ್ಡಮ್ಮ ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ರೇಷ್ಮೆ ನೂಲು ತೆಗೆದವರು. ಬೇಯುತ್ತಿರುವ ಗೂಡುಗಳ ನಡುವೆ ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹಿಡಿಯುವ ಕೆಲಸ ಅದು. ನೀವು ನಾನು ಆ ನೀರಿಗೆ ಕೈ ಇಟ್ಟರೆ ಕಿರುಚಿಕೊಂಡು ತೆಗೆಯುತ್ತೇವೆ. ಅವರ ಬೆರಳ ತುದಿಗಳು ಬಳಸಿ ಬಳಸಿ ಸವೆದ ಸೋಪಿನ ಚೂರಿನ ಹಾಗೆ ನುಣ್ಣಗಾಗಿವೆ. ಗೆರೆ ಎಲ್ಲಿಂದ ಬರಬೇಕು? ಕಣ್ಣು ನೋಡುವ ಯಂತ್ರವೂ ಇದೆಯಂತೆ, ಆದರೆ ಅದು ಕೆಟ್ಟಿದೆಯಂತೆ. "ಅಜ್ಜಿ, ನಿಂಬೆಹಣ್ಣು ಉಜ್ಜಿ ಕೈ ತೊಳ್ಕೊಂಡು ಸೋಮವಾರ ಬನ್ನಿ" ಅಂದ ಹುಡುಗ. ಪಾಪ, ದಿನಕ್ಕೆ ಎಷ್ಟು ಜನಕ್ಕೆ ಹೇಳುತ್ತಾನೋ.

ಹೊರಗೆ ಬೆಂಚಿನ ಮೇಲೆ ಕೂತು ಫೋನ್ ನೋಡಿದರೆ ನಮ್ಮ ಚಿಕ್ಕಪ್ಪನ ಮಗಳ ವಾಯ್ಸ್ ಮೆಸೇಜು ಬಂದಿತ್ತು. ಅವಳು ಇಂಗ್ಲೆಂಡಿನಲ್ಲಿ ವಯಸ್ಸಾದವರನ್ನು, ಅಂಗವಿಕಲರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ನಾನು ದೊಡ್ಡಮ್ಮನ ಕಥೆ ಹೇಳಿದೆ. ಅವಳು ನಕ್ಕು, ಅಣ್ಣ ಇಲ್ಲೂ ಅದೇ, ಇಲ್ಲಿ ಅಂಕ ಕೊಡ್ತಾರೆ ಅಷ್ಟೇ ಅಂದಳು.

ಏನದು ಅಂಕ ಅಂತ ಕೇಳಿದೆ. ಅಲ್ಲಿ ಅಂಗವಿಕಲರಿಗೆ ಪಿಪ್ ಅಂತ ಒಂದು ಭತ್ಯೆ ಇದೆ. ಅಡುಗೆ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು ಹೀಗೆ ಒಂದೊಂದು ಕೆಲಸಕ್ಕೂ ಅಂಕ. ಸೊಂಟದಿಂದ ಕೆಳಗೆ ತೊಳೆದುಕೊಳ್ಳಲು ಇನ್ನೊಬ್ಬರ ಸಹಾಯ ಬೇಕಾದರೆ 2 ಅಂಕ. ಭುಜದಿಂದ ಸೊಂಟದವರೆಗೆ ಆದರೆ 4 ಅಂಕ. 2025 ರ ಮಾರ್ಚ್ 18 ರಂದು ಅಲ್ಲಿನ ಸರ್ಕಾರ ಹೊಸ ಯೋಚನೆ ಮುಂದಿಟ್ಟಿತು: ಯಾವುದಾದರೂ ಒಂದು ಕೆಲಸದಲ್ಲಿ 4 ಅಂಕ ಬರಲೇಬೇಕು, ಅಲ್ಲೊಂದು ಇಲ್ಲೊಂದು 2 ಸೇರಿಸಿಕೊಂಡು ಬಂದರೆ ನಡೆಯಲ್ಲ. ಅಂದರೆ ಕಾಲು ತೊಳೆಸಿಕೊಳ್ಳುವವನಿಗೆ ಕಷ್ಟ ಕಡಿಮೆ, ಬೆನ್ನು ಉಜ್ಜಿಸಿಕೊಳ್ಳುವವನಿಗೆ ಜಾಸ್ತಿ ಅಂತ ಲೆಕ್ಕ! ಸ್ವಂತ ಪಕ್ಷದ ಸಂಸದರೇ ತಿರುಗಿಬಿದ್ದ ಮೇಲೆ ಜುಲೈ 1 ರಂದು ಆ ಷರತ್ತನ್ನು ಸದ್ಯಕ್ಕೆ ಕೈಬಿಟ್ಟರು, ಅದು ಬೇರೆ ಮಾತು. ಆದರೆ ಆ ಮಾರ್ಚ್ 18 ಕ್ಕೆ ಮೂರು ವಾರ ಮೊದಲು, ಫೆಬ್ರವರಿ 25 ರಂದು, ಅದೇ ಪ್ರಧಾನಿ ಸ್ಟಾರ್ಮರ್ ರಕ್ಷಣಾ ಖರ್ಚನ್ನು 2027 ರೊಳಗೆ ಜಿಡಿಪಿಯ ಶೇ. 2.5 ರಷ್ಟಕ್ಕೆ ಏರಿಸುತ್ತೇವೆ ಅಂದಿದ್ದರು. ಹಣ ಎಲ್ಲಿಂದ? ಬಡ ದೇಶಗಳಿಗೆ ಕೊಡುವ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5 ರಿಂದ 0.3 ಕ್ಕೆ ಇಳಿಸಿ. ಅದಕ್ಕೆ ಯಾರ ಬೆನ್ನನ್ನೂ ಪರೀಕ್ಷೆ ಮಾಡಲಿಲ್ಲ.

ನನಗೆ ತಲೆ ಕೆಡಿಸಿದ್ದು ಇದೇ. ಸೋಪು ಹಚ್ಚುವ ಜಾಗಕ್ಕೂ ಪುರಾವೆ ಕೇಳುವವರು ಯುದ್ಧಕ್ಕೆ ಹೋಗುವಾಗ ಯಾವ ಪುರಾವೆ ಕೇಳಿದ್ದರು? ಇರಾಕ್ ಯುದ್ಧಕ್ಕೆ ಮೊದಲು, 2003 ರ ಫೆಬ್ರವರಿ 5 ರಂದು, ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಒಂದು ಪುಟ್ಟ ಸೀಸೆ ಎತ್ತಿ ತೋರಿಸಿದರು, ಆಂಥ್ರಾಕ್ಸ್ ಅನ್ನುವ ಮಾರಕ ರೋಗಾಣು ಇಷ್ಟಿದ್ದರೆ ಸಾಕು ಅಂತ. ಟಿವಿಯಲ್ಲಿ ನಾವೆಲ್ಲ ನೋಡಿದ್ದೇವೆ. ಬ್ರಿಟನ್ನಿನವರು 45 ನಿಮಿಷದಲ್ಲಿ ಇರಾಕಿನ ಸದ್ದಾಂ ರಾಸಾಯನಿಕ, ಜೈವಿಕ ಅಸ್ತ್ರ ಬಿಡಬಲ್ಲ ಅಂತ ಕಡತ ಬರೆದಿದ್ದರು. ಯುದ್ಧ ಆಯಿತು. ಅಸ್ತ್ರ ಸಿಗಲಿಲ್ಲ. ಆ ಯುದ್ಧದ ಬಗ್ಗೆ ತನಿಖೆ ಮಾಡಿದ ಬ್ರಿಟನ್ನಿನ ಚಿಲ್ಕಾಟ್ ಸಮಿತಿ 2016 ರಲ್ಲಿ ಹನ್ನೆರಡು ಸಂಪುಟ ಬರೆದು, ಅಪಾಯವನ್ನು ಇಲ್ಲದ ಖಚಿತತೆಯಿಂದ ಹೇಳಿದ್ದರು ಅಂತ ತೀರ್ಮಾನ ಕೊಟ್ಟಿತು. ಅಷ್ಟೊತ್ತಿಗೆ 179 ಬ್ರಿಟಿಷ್ ಸೈನಿಕರು ಸತ್ತಿದ್ದರು. ಇರಾಕಿಗಳು 2009 ರ ಹೊತ್ತಿಗೇ ಕನಿಷ್ಠ ಒಂದೂವರೆ ಲಕ್ಷ, ಹೆಚ್ಚಿನವರು ಸಾಮಾನ್ಯ ಜನ. ನಮ್ಮ ಸೈನ್ಯವನ್ನೂ ಕಳಿಸಿ ಅಂತ ಅಮೆರಿಕ ಕೇಳಿತ್ತು, ವಾಜಪೇಯಿ ಸರ್ಕಾರ ಆ ವರ್ಷ ಜುಲೈನಲ್ಲಿ ಆಗಲ್ಲ ಅಂದಿತು. ಆ ಪುಣ್ಯ ನೆನೆಯಬೇಕು.

ಅಮೆರಿಕದ್ದು ಇನ್ನೂ ಚೆನ್ನಾಗಿದೆ. ಅಲ್ಲಿನ ರಕ್ಷಣಾ ಇಲಾಖೆ ಪೆಂಟಗನ್‌ನ ಪೂರ್ತಿ ಲೆಕ್ಕ ತಪಾಸಣೆ 2018 ರಲ್ಲಿ ಶುರುವಾಯಿತು, 2024 ರವರೆಗೆ ಸತತ ಏಳು ಸಲ ಫೇಲು. ಹಣ ನಿಲ್ಲಿಸಿದರಾ? 2025 ರ ಜುಲೈ 4 ರಂದು ಟ್ರಂಪ್ ಸಹಿ ಹಾಕಿದ ಕಾನೂನಿನಲ್ಲಿ ರಕ್ಷಣೆಗೆ ಸುಮಾರು 150 ಬಿಲಿಯನ್ ಡಾಲರ್ ಜಾಸ್ತಿಯೇ ಕೊಟ್ಟರು. ಅದೇ ಕಾನೂನಿನಲ್ಲಿ ಬಡವರ ಮೆಡಿಕೇಡ್ ಆರೋಗ್ಯ ವಿಮೆಗೆ ಕತ್ತರಿ. ದುಡಿಯುವ ವಯಸ್ಸಿನ ಎಷ್ಟೋ ಜನ ತಿಂಗಳಿಗೆ 80 ಗಂಟೆ ದುಡಿದಿದ್ದೇವೆ, ಇಲ್ಲವೇ ಓದು, ಸಮಾಜಸೇವೆ ಮಾಡಿದ್ದೇವೆ ಅಂತ ತೋರಿಸಿದರೆ ಮಾತ್ರ ವಿಮೆ. ಏಳು ಸಲ ಫೇಲಾದವನಿಗೆ ಬಹುಮಾನ, ಒಂದು ಕಾಗದ ತಪ್ಪಿದವನಿಗೆ ಆಸ್ಪತ್ರೆ ಬಾಗಿಲು ಬಂದ್.

ಇಲ್ಲಿಗೆ ಬರೋಣ. ವೃದ್ಧಾಪ್ಯ ಪಿಂಚಣಿಗೆ ಕೇಂದ್ರ ಕೊಡುವ ಪಾಲು 60 ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ. ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಅದೇ 200. ರಾಜ್ಯದವರು ಸಂಧ್ಯಾ ಸುರಕ್ಷಾವನ್ನು 2021 ರಲ್ಲಿ 1,000 ದಿಂದ 1,200 ಮಾಡಿದರು. ಬೆಲೆ ಏರುವಾಗ ಮೊತ್ತ ಅಲ್ಲೇ ಕೂತರೆ ಅದೂ ಕಡಿತವೇ, ಯಾರೂ ಘೋಷಣೆ ಮಾಡುವುದಿಲ್ಲ ಅಷ್ಟೇ. 2025-26 ರ ಕೇಂದ್ರ ಬಜೆಟ್ಟಿನಲ್ಲಿ ವೃದ್ಧರು, ವಿಧವೆಯರು, ಅಂಗವಿಕಲರ ಪಿಂಚಣಿಯೆಲ್ಲ ಸೇರಿದ ಯೋಜನೆಗೆ 9,652 ಕೋಟಿ. ರಕ್ಷಣೆಗೆ 6.81 ಲಕ್ಷ ಕೋಟಿ, ಎಪ್ಪತ್ತು ಪಟ್ಟು. ಗಡಿ ಕಾಯುವುದು ಬೇಡ ಅನ್ನುತ್ತಿಲ್ಲ. ನನ್ನ ಜೊತೆ ಓದಿದವನೊಬ್ಬ ಸಿಯಾಚಿನ್‌ನಲ್ಲಿ ಇದ್ದು ಬಂದವನು, ಅವನ ಮುಂದೆ ಹಾಗೆ ಹೇಳುವ ಮುಖ ನನಗಿಲ್ಲ. ಅವನ ಅಮ್ಮನೂ ಅದೇ ಕಚೇರಿಯ ಸಾಲಿನಲ್ಲಿ ನಿಲ್ಲುತ್ತಾರೆ, ಅದನ್ನೂ ಹೇಳಬೇಕಲ್ವಾ.

ನಾಯಕರೇ, ಲಂಡನ್ನಿನವರು, ವಾಷಿಂಗ್ಟನ್ನಿನವರು, ದೆಹಲಿ ಬೆಂಗಳೂರಿನವರು, ಎಲ್ಲರಿಗೂ ಒಂದೇ ಮಾತು. ಪಿಂಚಣಿದಾರರು ನವೆಂಬರ್ ಬಂತೆಂದರೆ ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡುತ್ತಾರಲ್ಲ, ನೀವು ನಡೆಸುವ ಯುದ್ಧಗಳಿಗೂ ಹಾಗೇ ಮಾಡಿ. ವರ್ಷಕ್ಕೊಮ್ಮೆ ಬಂದು, ಈ ಯುದ್ಧದ ಕಾರಣ ಇನ್ನೂ ಬದುಕಿದೆ ಅಂತ ಜನರ ಮುಂದೆ ಹೆಬ್ಬೆಟ್ಟು ಒತ್ತಿ. ಹತ್ತದಿದ್ದರೆ ಹಣ ನಿಲ್ಲಲಿ. ಅಫ್ಗಾನಿಸ್ತಾನದಲ್ಲಿ 2001 ರಿಂದ 2021 ರವರೆಗೆ ಇದ್ದವರು ಇಪ್ಪತ್ತು ಸಲ ಒತ್ತಬೇಕಾಗುತ್ತಿತ್ತು. ಎಷ್ಟನೇ ಸಲಕ್ಕೆ ಕೆಂಪು ದೀಪ ಬರುತ್ತಿತ್ತೋ.

ನಮ್ಮ ಜಿಲ್ಲೆಗೆ ಬರುವ ದೊಡ್ಡವರು ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರಿಗೆ ಹಾರ ಹಾಕಿ ಹಾಗೇ ವಾಪಸ್ ಹೋಗುತ್ತಾರೆ. ಅಲ್ಲಿಂದ ಶಿಡ್ಲಘಟ್ಟ ದೂರವೇನಿಲ್ಲ, ಒಮ್ಮೆ ಬಂದು ಆ ಬೆಂಚಿನ ಮೇಲೆ ಕೂತು ನೋಡಿ. ನಾವು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲೇ ಇರುತ್ತೇವೆ. ದೊಡ್ಡಮ್ಮ ಈಗ ದಿನಾ ರಾತ್ರಿ ಹೆಬ್ಬೆಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗುತ್ತಾರೆ, ಬೆಳಿಗ್ಗೆ ಎದ್ದು ದೀಪದ ಬೆಳಕಿಗೆ ಹಿಡಿದು ಗೆರೆ ಬಂದಿದೆಯಾ ಅಂತ ನನ್ನನ್ನು ಕೇಳುತ್ತಾರೆ.

– ರೇಷ್ಮೆ ರೀಲರ್ ಮನೆಯವನೊಬ್ಬ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ